ಮೈಲುತುತ್ತದ ಲೆಕ್ಕ

ಶಿವಾಜಿನಗರದಲ್ಲಿ 1927ರಷ್ಟು ಹಿಂದೆಯೇ ತಲೆಯೆತ್ತಿದ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ, ಹೂವಿನ ತಂಪೂ ಮಾಗಿದ ಹಣ್ಣಿನ ಗಂಧವೂ ಮುಗಿದು ಮಾಂಸದಂಗಡಿಗಳ ವಾಸನೆ ಮೊದಲಾಗುವ ಸಂಧಿಯೊಂದರಲ್ಲಿ, ನಾನು ಮೂವತ್ತು ವರ್ಷಗಳಿಂದ ಕೋಳಿ ಕೊಳ್ಳುತ್ತ ಬಂದಿರುವ ಅಂಗಡಿಯೊಂದುಂಟು. ಭಾನುವಾರ ಬೆಳಗಿನ ಆರು ಗಂಟೆಗೆ ಅಲ್ಲಿಗೆ ಹೋದವನಿಗೆ, ಹೊಸಕೋಟೆ ಕೋಲಾರಗಳ ಕಡೆಯಿಂದ ಕೆ.ಆರ್. ಪುರದ ಮಾರ್ಗವಾಗಿ ಇರುಳೆಲ್ಲ ಸಾಗಿಬಂದ ವಾಹನಗಳಿಂದ ಪೆಟ್ಟಿಗೆಗಳು ಇಳಿಯುವುದೂ, ಅದರೊಳಗಿನ ಬಿಳಿಯ ಕೋಳಿಗಳು ಬೆಳಕಿಗೆ ಕಣ್ಣು ಮಿಟುಕಿಸುವುದೂ, ಕತ್ತಿ ಮಸೆಯುವ ಸದ್ದೂ ಒಟ್ಟಿಗೇ ಎದುರಾಗುತ್ತವೆ. ಮಾಂಸದ ಜೊತೆಗೆ ಅಂಗಡಿಯಾತನು ತಟ್ಟೆಯೊಂದರಲ್ಲಿ ಬೇರೆಯಾಗಿ ಇಡುವ ಸರಕಿಗೆ ಪೋಟಾ-ಕಲೇಜಿಯೆಂದು ಹೆಸರು. ಪೋಟಾ ಎಂದರೆ ಕಾಳು ಅರೆಯುವ ಜಠರ; ಅವನು ಕಲೇಜಿಯೆನ್ನುವುದನ್ನು ನಮ್ಮ ಹಳ್ಳಿಯವರು ಈಲಿಯೆನ್ನುತ್ತಾರೆ, ಪಠ್ಯಪುಸ್ತಕಗಳು ಯಕೃತ್ತೆನ್ನುತ್ತವೆ. ಕೆಲವು ವಾರಗಳ ಹಿಂದೆ ಆ ತಟ್ಟೆಯಲ್ಲಿ, ಕಂದುಗೆಂಪಿನ ನುಣುಪಾದ ತುಂಡುಗಳ ನಡುವೆ, ಒಂದು ಮಾತ್ರ ಅರಿಸಿನ ಕಲಸಿದ ಮಣ್ಣಿನ ಬಣ್ಣದ್ದಾಗಿ, ಅಂಚುಗಳು ಊದಿ, ಬೆರಳು ಸೋಕಿದರೆ ಹಸಿ ಇಟ್ಟಿಗೆಯಂತೆ ಬಿರುಕು ಬಿಡುವಂತಾಗಿ ಬಿದ್ದಿತ್ತು. ನನ್ನ ಕಣ್ಣು ಅದರ ಮೇಲೆ ನಿಂತುದನ್ನು ಕಂಡು ಅಂಗಡಿಯಾತನೇ ಅದನ್ನು ಬದಿಗೆ ಸರಿಸಿ, “ಅದು ಬೇಡ ಸಾರ್, ನಾಯಿಗೆ ಹಾಕೋದು. ಈಗೀಗ ದಿನಾ ಒಂದೆರಡು ಹೀಗೇ ಬರ್ತದೆ. ಫಾರಂನೋರು ಏನು ತಿನ್ನಿಸ್ತಾರೋ, ನಮಗೇನು ಗೊತ್ತು?” ಎಂದನು.

ಏನು ತಿನ್ನಿಸುತ್ತಾರೆಂಬುದು ನನಗೂ ತಿಳಿಯದೆ ಇದ್ದುದರಿಂದಲೇ ಈ ಲೇಖನ. ಆದರೆ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಯಕೃತ್ತು ಹಳದಿಯಾದ ಮಾತ್ರಕ್ಕೆ ಕಾರಣವಿಂಥದೇ ಎಂದು ಹೇಳಬಲ್ಲ ಜಾಣರು ಯಾರೂ ಇಲ್ಲ. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷದಿಂದ ಅದು ಹಳದಿಯಾಗುತ್ತದೆ, ಮತ್ತು ನಮ್ಮ ದೇಶದಲ್ಲಿ ಪದೇಪದೇ ಸಿಕ್ಕಿಬೀಳುವ ಅಪರಾಧಿಗಳಲ್ಲಿ ಅದು ಒಂದು. ಕೊಬ್ಬು ಶೇಖರವಾಗಿಯೂ ಹಳದಿಯಾಗುತ್ತದೆ. ಅತಿಯಾದ ತಾಮ್ರದಿಂದಲೂ ಅದರ ಜೀವಕೋಶಗಳು ಊದಿ, ಕೊಬ್ಬಿನ ಹನಿಗಳಿಂದ ತುಂಬಿ, ಕೊನೆಗೆ ಸಾಯುತ್ತವೆ. ಮೊದಲನೆಯ ಕಾರಣವನ್ನು ಕೋಳಿ ಸಾಕುವವರೆಲ್ಲರೂ ಬಲ್ಲರು, ಅದಕ್ಕೆ ಹೆದರಿ ಜೋಳವನ್ನು ಒಣಗಿಸುತ್ತಾರೆ. ಕೊನೆಯದನ್ನು ಮಾತ್ರ ಕಾರಣವೆಂದೇ ಎಣಿಸುವವರು ವಿರಳ, ಏಕೆಂದರೆ ತಾಮ್ರವನ್ನು ಅವರು ವಿಷವೆಂದು ಅಲ್ಲ, ಔಷಧವೆಂದು ತಮ್ಮ ಕೈಯಾರೆ ಹಾಕುತ್ತಾರೆ.

ಕೆ.ಆರ್. ಪುರವನ್ನು ದಾಟಿ ಹೊಸಕೋಟೆಯ ದಿಕ್ಕಿಗೆ ಹೋದರೆ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಉದ್ದುದ್ದನೆಯ ಕೋಳಿಮನೆಗಳು ಅಲ್ಲಲ್ಲಿ ಎದ್ದಿವೆ. ನನ್ನ ದೂರದ ಬಂಧುವೊಬ್ಬರು ಅಂಥದೊಂದನ್ನು ನಡೆಸುತ್ತಾರೆ. ಮರಿಯೂ ಕಂಪನಿಯದು, ಆಹಾರವೂ ಕಂಪನಿಯದು. ಕೋಳಿ ಬೆಳೆದ ಮೇಲೆ ಕೊಂಡೊಯ್ಯುವವರೂ ಅವರೇ. ನಮ್ಮವರದೇನಿದ್ದರೂ ಜಾಗ, ನೀರು, ವಿದ್ಯುತ್ತು ಮತ್ತು ಸುಮಾರು ನಲವತ್ತು ದಿನಗಳ ಎಚ್ಚರ. ಆ ಎಚ್ಚರದ ಒಂದು ಅಂಗವಾಗಿ, ತೊಲೆಯ ಸಂದಿಯಲ್ಲಿ, ಹಾರ್ಲಿಕ್ಸಿನ ಹಳೆಯ ಸೀಸೆಯೊಂದರಲ್ಲಿ ಅವರು ಮೈಲುತುತ್ತವನ್ನು ಇಟ್ಟುಕೊಂಡಿದ್ದಾರೆ. ಮಳೆಗಾಲದಲ್ಲಿ ಮರಿಗಳ ಕರುಳಿಗೂ ಮೇವುಚೀಲಕ್ಕೂ ಬೂಷ್ಟು ತಗುಲಿತೆಂದು ಅನುಮಾನ ಬಂದ ಕೂಡಲೇ, ಐನೂರು ಲೀಟರಿನ ತೊಟ್ಟಿಯ ಮುಚ್ಚಳ ತೆಗೆದು ಆ ನೀಲಿ ಹರಳುಗಳನ್ನು ಕದಡುತ್ತಾರೆ. “ಎಷ್ಟು ಹಾಕುತ್ತೀರಿ ಮಾವ?” ಎಂದು ಕೇಳಿದೆ. “ಅದಕ್ಕೇನು ಲೆಕ್ಕ? ನೀರು ನೀಲಿ ತಿರುಗೋವರೆಗೂ ಹಾಕೋದು” ಎಂದರು. ಅವರ ಮಗನ ಹಿಡಿ ತಂದೆಯ ಹಿಡಿಗಿಂತ ದೊಡ್ಡದು. ಅವನ ಕಣ್ಣಿಗೆ ನೀಲಿಯೆಂದರೆ ಇನ್ನೂ ಸ್ವಲ್ಪ ಗಾಢವಾದ ನೀಲಿ.

ಮೈಲುತುತ್ತ ಎಂಬ ಪದದಲ್ಲಿಯೇ ನವಿಲು ಕುಳಿತಿದೆಯೆಂಬುದನ್ನು ಬಲ್ಲವರು ಬಲ್ಲರು. ಸಂಸ್ಕೃತದ ರಸಶಾಸ್ತ್ರಗ್ರಂಥಗಳು ಇದಕ್ಕೆ ತುತ್ಥವೆಂದೂ, ನವಿಲಿನ ಕೊರಳಿನ ವರ್ಣಕ್ಕಾಗಿ ಶಿಖಿಗ್ರೀವವೆಂದೂ ಹೆಸರಿಟ್ಟವು. ಅದೇ ಶಾಸ್ತ್ರಕಾರರು ಶೋಧನೆ ಮಾಡದ ತಾಮ್ರದ ವಿಚಾರದಲ್ಲಿ ಎಷ್ಟು ಭೀತರಾಗಿದ್ದರೆಂದರೆ, ವಿಷಕ್ಕೆ ಇರುವುದು ಒಂದೇ ದೋಷ, ತಾಮ್ರಕ್ಕಾದರೋ ಎಂಟು ದೋಷಗಳು ಎಂದು ಎಣಿಸಿ, ವಾಂತಿ ಭ್ರಾಂತಿಗಳಿಂದ ತೊಡಗಿ ಅವುಗಳ ಪಟ್ಟಿಯನ್ನೇ ಕೊಟ್ಟರು. ತಾಮ್ರಭಸ್ಮಕ್ಕಾಗಿ ಹತ್ತಾರು ಸಂಸ್ಕಾರಗಳನ್ನು ವಿಧಿಸಿದ ಆ ಜನ, ತೊಟ್ಟಿಗೆ ಹಿಡಿಯ ಲೆಕ್ಕದಲ್ಲಿ ಹರಳು ಸುರಿಯುವ ನಮ್ಮ ಮಾವನವರನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ.

ಈಗ ಲೆಕ್ಕವನ್ನು ನಾವೇ ಮಾಡಿ ನೋಡೋಣ; ಇದಕ್ಕೆ ಶಾಲೆಯ ಗಣಿತ ಸಾಕು. ಮೈಲುತುತ್ತದಲ್ಲಿ ತಾಮ್ರದ ಪಾಲು ಹೆಚ್ಚುಕಡಮೆ ನಾಲ್ಕರಲ್ಲಿ ಒಂದು. ಉಳಿದುದು ಗಂಧಕಾಮ್ಲದ ಅಂಶವೂ ಹರಳಿನೊಳಗಿನ ನೀರೂ. ಬೂಷ್ಟಿನ ರೋಗಕ್ಕೆ ಪಶುವೈದ್ಯ ಗ್ರಂಥಗಳಲ್ಲಿ ಬಹುಕಾಲದಿಂದ ಹೇಳಿಬಂದಿರುವ ಪ್ರಮಾಣ, ಎರಡು ಸಾವಿರ ಪಾಲು ನೀರಿಗೆ ಒಂದು ಪಾಲು ಮೈಲುತುತ್ತ, ಎಂದರೆ ಲೀಟರಿಗೆ ಅರ್ಧ ಗ್ರಾಂ. ಅದರಲ್ಲಿ ತಾಮ್ರ ಸುಮಾರು 125 ಮಿಲಿಗ್ರಾಂ. ಕೋಳಿಯಾದರೋ ತಾನು ತಿಂದ ಆಹಾರದ ತೂಕದ ಸುಮಾರು ಎರಡರಷ್ಟು ನೀರನ್ನು ಕುಡಿಯುತ್ತದೆ, ಏಪ್ರಿಲಿನ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಒಂದು ಕಿಲೋ ಆಹಾರ ತಿನ್ನುವ ಅವಧಿಯಲ್ಲಿ, ಬರಿಯ ನೀರಿನ ಮೂಲಕವೇ, 250 ಮಿಲಿಗ್ರಾಂ ತಾಮ್ರ ಅದರ ಹೊಟ್ಟೆಗೆ ಹೋಯಿತು. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯು 1994ರಲ್ಲಿ ಮಾಂಸದ ಕೋಳಿಗೆ ಬೇಕೆಂದು ನಿಗದಿಪಡಿಸಿದ ತಾಮ್ರ ಕಿಲೋ ಆಹಾರಕ್ಕೆ 8 ಮಿಲಿಗ್ರಾಂ. ಅದೇ ಮಂಡಲಿ 2005ರಲ್ಲಿ, ಕೋಳಿ ಸಹಿಸಬಲ್ಲ ಪರಮಾವಧಿಯೆಂದು ಹೇಳಿದ್ದು 250. ಔಷಧದ ಪ್ರಮಾಣವನ್ನು ಗ್ರಂಥದಲ್ಲಿದ್ದ ಹಾಗೆಯೇ, ತಕ್ಕಡಿಯಿಟ್ಟು ತೂಗಿ ಹಾಕಿದವನೂ ಸಹ ಸಹನೆಯ ಅಂಚಿಗೆ ಬಂದು ನಿಂತನು. ನೀಲಿ ತಿರುಗುವವರೆಗೆ ಹಾಕಿದವನು ಎಲ್ಲಿ ನಿಂತನೆಂಬುದು ಅವನ ಕಣ್ಣಿಗೆ ಬಿಟ್ಟದ್ದು. ತಾಮ್ರದ ಒಗರಿಗೆ ಕೋಳಿ ನೀರನ್ನು ಕಡಮೆ ಕುಡಿಯುತ್ತದೆಂಬುದು ನಿಜ, ಆದರೆ ನೀರು ಕಡಮೆಯಾದ ಕೋಳಿ ಮೇವನ್ನೂ ಬಿಡುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಕೆಲವು ದಿನಗಳ ಔಷಧದ ಮಾತೆಂದು ಸುಮ್ಮನಿರಬಹುದಾಗಿತ್ತು. ಚೀಲದೊಳಗಿನ ಆಹಾರದಲ್ಲಿಯೂ ತಾಮ್ರವುಂಟು. ಕೋಳಿಗೆ ಬೇಕಾದುದರ ಬಹುಪಾಲು ಮೆಕ್ಕೆಜೋಳ, ಸೋಯಾ ಹಿಂಡಿಗಳಲ್ಲಿ ಸಹಜವಾಗಿಯೇ ಇರುತ್ತದೆ. ಅದರ ಮೇಲೆ ಖನಿಜಮಿಶ್ರಣದ ತಾಮ್ರ. ಅದರ ಮೇಲೆ, ಬೆಳವಣಿಗೆಗೆ ಒಳ್ಳೆಯದೆಂದು ಬೇಕಾದುದರ ಹತ್ತಿಪ್ಪತ್ತು ಪಟ್ಟು ಸೇರಿಸುವ ಪದ್ಧತಿ. ಇದು ಹಂದಿಗಳಿಂದ ಬಂದದ್ದು. ಬ್ರಿಟನ್ನಿನಲ್ಲಿ ಬ್ರಾಡೆ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ 1955ರಲ್ಲಿ, ಕಿಲೋ ಆಹಾರಕ್ಕೆ 250 ಮಿಲಿಗ್ರಾಂ ತಾಮ್ರ ಕೊಟ್ಟರೆ ಹಂದಿಗಳು ಬೇಗ ಕೊಬ್ಬುತ್ತವೆಂದು ತೋರಿಸಿದರು. ತಾಮ್ರವು ಕರುಳಿನ ಸೂಕ್ಷ್ಮಾಣುಗಳನ್ನು ಹತ್ತಿಕ್ಕುವುದು ಇದಕ್ಕೊಂದು ಕಾರಣ. ಕೋಳಿಗೂ ಅದೇ ಉಪಾಯ ಬಂದಿತು, ಮತ್ತು ಯುರೋಪಿನ ಒಕ್ಕೂಟ 2006ರ ಜನವರಿಯಿಂದ ಬೆಳವಣಿಗೆಗಾಗಿ ಪ್ರತಿಜೀವಕಗಳನ್ನು ಆಹಾರದಲ್ಲಿ ಬೆರೆಸುವುದನ್ನು ನಿಷೇಧಿಸಿದ ಮೇಲೆ, ನಮ್ಮ ಸರ್ಕಾರವೂ 2019ರಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಆಹಾರಪ್ರಾಣಿಗಳಿಗೆ ಕೊಡಕೂಡದೆಂದು ಆಜ್ಞೆ ಮಾಡಿದ ಮೇಲೆ, ಅವುಗಳ ಸ್ಥಾನಕ್ಕೆ ಅಭ್ಯರ್ಥಿಗಳಾಗಿ ನಿಂತ ವಸ್ತುಗಳಲ್ಲಿ ತಾಮ್ರಕ್ಕೆ ಗೌರವ ಹೆಚ್ಚಿತು. ಯುರೋಪಿನವರು ಮಾತ್ರ ಒಂದು ಬಾಗಿಲು ಮುಚ್ಚಿದ ಹಾಗೆಯೇ ಇನ್ನೊಂದನ್ನೂ ಕಾದರು: ಅಲ್ಲಿ ಕೋಳಿಯ ಆಹಾರದಲ್ಲಿ ತಾಮ್ರ ಕಿಲೋಗೆ 25 ಮಿಲಿಗ್ರಾಂ ಮೀರುವಂತಿಲ್ಲ.

ಮಿಲಿಗ್ರಾಮುಗಳು ಮನಸ್ಸಿಗೆ ಹತ್ತುವುದಿಲ್ಲವೆಂದರೆ ಹೀಗೆ ಹೇಳಬಹುದು. ಒಂದು ಟನ್ ಆಹಾರದಲ್ಲಿ ಕೋಳಿಗೆ ಬೇಕಾದ ತಾಮ್ರವೆಲ್ಲವನ್ನೂ ಮೈಲುತುತ್ತದ ರೂಪದಲ್ಲಿಯೇ ಕೊಡುವುದಾದರೆ ಮೂವತ್ತೆರಡು ಗ್ರಾಂ ಸಾಕು, ಅಂಗೈಯಲ್ಲಿ ಅಡಗುವಷ್ಟು. ಅದೇ ಟನ್ನಿಗೆ ಒಂದು ಕಿಲೋ ಹಾಕಿದರೆ ನಾವು ಪರಮಾವಧಿಯಲ್ಲಿದ್ದೇವೆ. ಅಂಗೈಗೂ ಕಿಲೋಗೂ ನಡುವೆ ಎಲ್ಲಿದ್ದೇವೆಂಬುದನ್ನು ಚೀಲ ಹೊಲಿದವನು ಬಲ್ಲ. ತೊಟ್ಟಿಗೆ ಹಾಕುವವನು ಅರಿಯ. ಇಬ್ಬರೂ ತಮ್ಮ ತಮ್ಮ ಪಾಲನ್ನು ಮಾತ್ರ ಎಣಿಸುತ್ತಾರೆ. ಎರಡನ್ನೂ ಕೂಡುವ ಅಂಗವೊಂದಿದ್ದರೆ ಅದು ಕೋಳಿಯ ಯಕೃತ್ತು.

ಕರುಳಿನಿಂದ ರಕ್ತಕ್ಕೆ ಬಂದ ತಾಮ್ರವೆಲ್ಲವೂ ಮೊದಲು ಯಕೃತ್ತಿಗೇ ಹೋಗುತ್ತದೆ. ತಾಮ್ರವು ಶತ್ರುವಲ್ಲವೆಂಬುದನ್ನು ಮರೆಯಬಾರದು: ವಿಸ್ಕಾನ್ಸಿನ್ನಿನ ಹಾರ್ಟ್, ಎಲ್ವೆಯಮ್ ಮೊದಲಾದವರು 1928ರಲ್ಲಿಯೇ, ಕಬ್ಬಿಣವೊಂದರಿಂದಲೇ ರಕ್ತವಾಗದು, ತಾಮ್ರವೂ ಬೇಕೆಂದು ಇಲಿಗಳಲ್ಲಿ ತೋರಿಸಿದರು, ತಾಮ್ರ ಸಾಲದ ಕೋಳಿಮರಿಗಳಲ್ಲಿ ಹೃದಯದ ಮಹಾಧಮನಿ ಒಡೆದುಹೋಗುವುದುಂಟು. ಯಕೃತ್ತು ಅದನ್ನು ಅಗತ್ಯವಿರುವಷ್ಟು ಸಿರುಲೊಪ್ಲಾಸ್ಮಿನ್ ಎಂಬ ಪ್ರೋಟೀನಿಗೆ ಕಟ್ಟಿ ರಕ್ತಕ್ಕೆ ಕಳುಹಿಸುತ್ತದೆ, ಮಿಕ್ಕುದನ್ನು ಪಿತ್ತರಸದ ಮೂಲಕ ಹೊರಗೆ ಹಾಕುತ್ತದೆ, ಇನ್ನೂ ಮಿಕ್ಕರೆ ಮೆಟಾಲೊಥಯೊನೀನ್ ಎಂಬ ಇನ್ನೊಂದು ಪ್ರೋಟೀನಿನಲ್ಲಿ ಬಿಗಿದು, ಮನೆಯ ಯಜಮಾನಿ ಅಪಾಯದ ವಸ್ತುವನ್ನು ಅಟ್ಟದ ಮೇಲಿಡುವಂತೆ, ಜೀವಕೋಶದ ಒಂದು ಮೂಲೆಯಲ್ಲಿ ಮುಚ್ಚಿಡುತ್ತದೆ. ಕೋಳಿಯಲ್ಲಿ ಈ ಗೃಹಕೃತ್ಯ ಚೆನ್ನಾಗಿ ನಡೆಯುತ್ತದೆ. ಆಹಾರದ ತಾಮ್ರ ಸಾಕಷ್ಟು ಏರಿದರೂ ಬಹಳ ದೂರದವರೆಗೆ ಯಕೃತ್ತಿನ ತಾಮ್ರ ಹೆಚ್ಚಾಗಿ ಏರುವುದಿಲ್ಲ. ಆ ದೂರ ದಾಟಿದ ಮೇಲೆ ಮಾತ್ರ ಅದು ಕಡಿದಾಗಿ ಏರುತ್ತದೆ. ಅಟ್ಟ ತುಂಬಿತು, ಕಟ್ಟು ಬಿಚ್ಚಿದ ತಾಮ್ರ ಜೀವಕೋಶದೊಳಗೆ ಅಲೆಯತೊಡಗಿತು. ಅಲೆಯುವ ತಾಮ್ರವು ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಅವು ಜೀವಕೋಶದ ಪೊರೆಗಳ ಕೊಬ್ಬನ್ನು ಕಮಟು ಹಿಡಿದ ಎಣ್ಣೆಯ ಹಾಗೆ ಕೆಡಿಸುತ್ತವೆ. ಉಸಿರಾಟದ ಕೇಂದ್ರಗಳಾದ ಮೈಟೊಕಾಂಡ್ರಿಯಗಳು ಊದಿಕೊಳ್ಳುತ್ತವೆ. ಅಲ್ಲಿನ ಕೆಲವು ಪ್ರೋಟೀನುಗಳಿಗೆ ತಾಮ್ರವು ನೇರವಾಗಿ ಅಂಟಿಕೊಂಡು ಜೀವಕೋಶವನ್ನು ಕೊಲ್ಲುವ ಒಂದು ವಿಶಿಷ್ಟ ರೀತಿಯನ್ನು ವಿಜ್ಞಾನಿಗಳು 2022ರಲ್ಲಿ ವಿವರಿಸಿ ಅದಕ್ಕೆ ಕ್ಯುಪ್ರೊಪ್ಟೋಸಿಸ್ ಎಂದು ಹೆಸರಿಟ್ಟರು.

ಹೊರಗೆ ಇದಾವುದೂ ಕಾಣದು. ಕೋಳಿ ಸ್ವಲ್ಪ ಮಂಕಾಗುತ್ತದೆ, ಹಿಕ್ಕೆ ಹಸಿರಾಗುತ್ತದೆ, ತೂಕ ಏರುವುದಿಲ್ಲ. ಕೊಯ್ದು ನೋಡಿದರೆ ಪೋಟಾದ ಒಳಗಿನ ಗಡುಸು ಹಳದಿಪೊರೆ ಮರದ ತೊಗಟೆಯ ಹಾಗೆ ಒರಟಾಗಿ ಬಿರಿದಿರುತ್ತದೆ. ಯಕೃತ್ತಿಗಿಂತ ಮುಂಚೆ ದೂರು ಹೇಳುವುದು ಈ ಪೋಟಾ. ತೂಕ ಏರದೆ ಇದ್ದುದನ್ನು ಕಂಡ ಸಾಕಣೆದಾರನು ಏನು ಮಾಡುವನು? ಬೂಷ್ಟು ಇನ್ನೂ ಹೋಗಿಲ್ಲವೆಂದು ತೊಟ್ಟಿಗೆ ಇನ್ನೊಂದು ಹಿಡಿ ಹಾಕುವನು.

ನಮ್ಮ ಪೀಳಿಗೆಯ ಬೆಂಗಳೂರಿಗರಿಗೆ ಈ ಕಥೆ ಹೊಸದಾಗಿ ಕೇಳಬಾರದಾಗಿತ್ತು, ಏಕೆಂದರೆ ಇದು ಒಮ್ಮೆ ನಮ್ಮ ಮನೆಯ ತೊಟ್ಟಿಲುಗಳಲ್ಲಿಯೇ ನಡೆದುಹೋಗಿದೆ. ಒಂದೆರಡು ವರ್ಷದ ಕೂಸುಗಳು ಹೊಟ್ಟೆ ಊದಿ, ಯಕೃತ್ತು ಕಲ್ಲಾಗಿ, ಕಾಮಾಲೆ ಬಂದು ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದ ವ್ಯಾಧಿಯೊಂದಿತ್ತು. ವೈದ್ಯರು ಅದನ್ನು ಭಾರತೀಯ ಶಿಶುಗಳ ಸಿರೋಸಿಸ್ ಎಂದು ಕರೆಯುತ್ತಿದ್ದರು, ತಾಯಂದಿರು ಬರಿಯ ಲಿವರ್ ಎನ್ನುತ್ತಿದ್ದರು. “ಮಗುವಿಗೆ ಲಿವರಂತೆ” ಎಂದು ಯಾರಾದರೂ ಅಂದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಮದರಾಸಿನ ಜಮ್ಮಿಯವರ ಲಿವರ್ ಔಷಧವನ್ನು ದೇವರ ಪ್ರಸಾದದಂತೆ ತರಿಸುತ್ತಿದ್ದರು. ನನ್ನ ತಾಯಿಯ ಅಕ್ಕನ ಒಂದು ಮಗು, ಹಲಸೂರಿನ ಮನೆಯಲ್ಲಿ, ಹಾಗೆಯೇ ಹೋಯಿತೆಂದು ಕೇಳಿಬಲ್ಲೆ. ಸ್ಟುವರ್ಟ್ ಟ್ಯಾನರ್ ಎಂಬ ಆಂಗ್ಲ ವೈದ್ಯರೂ ಪುಣೆಯ ಆನಂದ ಪಂಡಿತರೂ ಮತ್ತಿತರರೂ 1979ರಲ್ಲಿ ಅಂಥ ಮಕ್ಕಳ ಯಕೃತ್ತಿನಲ್ಲಿ ಸಹಜಕ್ಕಿಂತ ಹತ್ತಾರು ಪಟ್ಟು ತಾಮ್ರವಿರುವುದನ್ನು ಪ್ರಕಟಪಡಿಸಿದರು. 1983ರಲ್ಲಿ ಆ ತಾಮ್ರದ ಹಾದಿಯನ್ನು ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿ ಇಡುತ್ತಿದ್ದ ಹಾಲಿನವರೆಗೂ ಹಿಂಬಾಲಿಸಿದರು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಬೆಚ್ಚಗಿನ ಹಾಲು ಅದರಿಂದ ತಾಮ್ರವನ್ನು ಕದಿಯುತ್ತದೆ, ಹಾಲಿನ ಪ್ರೋಟೀನು ಅದನ್ನು ಕೊರಳಿಗೆ ಕಟ್ಟಿಕೊಂಡು ಮಗುವಿನ ಹೊಟ್ಟೆಗೆ ತಲಪಿಸುತ್ತದೆ.

ಹಿಂದಿನವರಿಗೆ ಇದರ ಪರಿಹಾರ ತಿಳಿದಿರಲಿಲ್ಲವೆ? ತಿಳಿದಿತ್ತು; ಅದರ ಹೆಸರು ಕಲಾಯಿ. ಹಲಸೂರಿನ ನಮ್ಮ ಬೀದಿಗೆ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ಕಲಾಯಿಯವನು ನೆಲದಲ್ಲಿ ಗುಳಿ ತೋಡಿ, ತಿದಿಯೊತ್ತಿ ಇದ್ದಲು ಕೆಂಡ ಮಾಡಿ, ತಪ್ಪಲೆಯನ್ನು ಇಕ್ಕುಳದಲ್ಲಿ ಹಿಡಿದು ಕಾಯಿಸಿ, ನವಸಾಗರದ ಪುಡಿಯನ್ನು ಎರಚಿದಾಗ ಬಿಳಿಯ ಹೊಗೆ ಮೂಗಿಗೆ ಚುಚ್ಚುತ್ತಿತ್ತು; ಆಮೇಲೆ ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯ ಉಂಡೆಯಿಂದ ಒಂದು ಸುತ್ತು ಒರೆಸಿದನೆಂದರೆ, ಕ್ಷಣದ ಹಿಂದೆ ಕಂದಾಗಿದ್ದ ತಳ ಬೆಳ್ಳಿಯಾಗಿ ನಗುತ್ತಿತ್ತು. ಆ ತೆಳ್ಳನೆಯ ತವರದ ಪೊರೆ ಹಾಲಿಗೂ ತಾಮ್ರಕ್ಕೂ ನಡುವಣ ಗೋಡೆ. ಗೋಡೆ ಸವೆದುದನ್ನು ಲಕ್ಷಿಸದ ಮನೆಯಲ್ಲಿ, ಕಲಾಯಿಗೆ ದುಡ್ಡಿಲ್ಲದ ಮನೆಯಲ್ಲಿ, ಮಗುವಿನ ಯಕೃತ್ತು ಬೆಲೆ ತೆತ್ತಿತು. ಸ್ಟೀಲಿನ ಪಾತ್ರೆ ಬಂದಿತು, ಹಿತ್ತಾಳೆ ಅಟ್ಟ ಹತ್ತಿತು, ಆ ರೋಗ ಸದ್ದಿಲ್ಲದೆ ಕಣ್ಮರೆಯಾಯಿತು. ಇಂದಿನ ಕಿರಿಯ ವೈದ್ಯರಲ್ಲಿ ಅನೇಕರು ಅದನ್ನು ಪುಸ್ತಕದಲ್ಲಿ ಮಾತ್ರ ಬಲ್ಲರು. ತಾಮ್ರವನ್ನು ಪಿತ್ತಕ್ಕೆ ಹೊರಹಾಕಲಾರದ ಜನ್ಮದೋಷವುಳ್ಳವರು ಈಗಲೂ ಇದ್ದಾರೆ. ಅದು ವಿಲ್ಸನ್ ವ್ಯಾಧಿ, ಮತ್ತು ನಮ್ಮ ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ ಅಂಥ 282 ರೋಗಿಗಳ ವೃತ್ತಾಂತವನ್ನು 2007ರಲ್ಲಿ ಪ್ರಕಟಿಸಿದರು.

ಈ ಇತಿಹಾಸದ ವಿಸ್ಮೃತಿ ಎಷ್ಟು ಸಂಪೂರ್ಣವೆಂದರೆ, ಈಚೆಗೆ ಇಂದಿರಾನಗರದ ನನ್ನ ಮಿತ್ರರೊಬ್ಬರ ತಾರಸಿಯ ಮೇಲೆ ತಾಮ್ರ ಹಿಂದಿರುಗಿ ಬಂದುದನ್ನು ಕಂಡೆ. ನಿವೃತ್ತರಾದ ಮೇಲೆ ಅವರು ಆರು ನಾಟಿಕೋಳಿಗಳನ್ನು ಸಾಕಿದ್ದರು. ತಮಗೆ ತಾಮ್ರದ ಬಾಟಲಿಯ ನೀರು ಹಿತವಾದ್ದರಿಂದ ಕೋಳಿಗಳಿಗೂ ತಾಮ್ರದ ಬೋಗುಣಿ. ಕೋಳಿಯ ಜೀರ್ಣಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಆ ನೀರಿಗೆ ಎರಡು ಚಮಚ ಸೇಬಿನ ವಿನಿಗರ್. ನಾನು ಬೋಗುಣಿಯನ್ನು ಬಗ್ಗಿಸಿ ನೋಡಿದೆ: ನೀರಿನ ಗೆರೆ ನಿಂತಲ್ಲೆಲ್ಲ ಹಸಿರು ಕಿಲುಬು, ಬಳೆಯ ಹಾಗೆ, ಸುತ್ತಲೂ. ಹುಳಿಯನ್ನು ತಾಮ್ರದಲ್ಲಿಡಬಾರದೆಂದು ಅವರ ಅಜ್ಜಿಗೆ ತಿಳಿದಿತ್ತು. ಮಜ್ಜಿಗೆಯನ್ನಾಗಲಿ ಹುಣಿಸೆಯ ಸಾರನ್ನಾಗಲಿ ಕಲಾಯಿಯಿಲ್ಲದ ಪಾತ್ರೆಗೆ ಸುರಿದಿದ್ದರೆ ಆಕೆ ಮನೆಯೆದ್ದು ಹೋಗುವಂತೆ ಕೂಗುತ್ತಿದ್ದಳು. ಮಿತ್ರರು ಎಂಜಿನಿಯರು. ಒಂದು ಕೋಳಿ ಸತ್ತಾಗ ಪರಿಚಿತ ಪಶುವೈದ್ಯರು ಕೊಯ್ದು ನೋಡಿ, ಪೋಟಾದ ಪೊರೆ ಬಿರಿದುದನ್ನು ತೋರಿಸಿ, “ಬೋಗುಣಿ ಬದಲಿಸಿ” ಎಂದಷ್ಟೇ ಹೇಳಿದರು. ಈಗ ಅಲ್ಲಿ ಮಣ್ಣಿನ ಬೋಗುಣಿಯಿದೆ. ಉಳಿದ ಐದೂ ಸೌಖ್ಯ.

ಸಾಕಣೆದಾರರು ಹಳೆಯ ತಗಡಿನ ತೊಟ್ಟಿಗಳನ್ನು ಇಟ್ಟಿದ್ದ ಕಾಲದಲ್ಲಿ ಈ ಲೋಹದ ಸ್ವಭಾವ ಅವರ ಕಣ್ಣಿಗೆ ಬೀಳುತ್ತಿತ್ತು. ಸತುವಿನ ಲೇಪವಿದ್ದ ತಗಡಿಗೆ ಮೈಲುತುತ್ತದ ನೀರು ಸುರಿದರೆ ರಾತ್ರಿ ಕಳೆಯುವುದರೊಳಗೆ ತೊಟ್ಟಿಯ ಒಳಗೆಲ್ಲ ಕೆಂಪು ಮೆತ್ತಿಕೊಳ್ಳುತ್ತಿತ್ತು: ಸತು ಕರಗಿ ತಾಮ್ರ ಕುಳಿತಿರುತ್ತಿತ್ತು. ಪ್ಲಾಸ್ಟಿಕ್ಕು ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ.

ಇಲ್ಲಿಯವರೆಗೆ ಓದಿದವರು, ಹಾಗಾದರೆ ಕಲೇಜಿ ತಿನ್ನುವುದೋ ಬಿಡುವುದೋ ಎಂದು ಕೇಳುವರು. ನಾನು ತಿನ್ನುತ್ತೇನೆ. ನೂರು ಗ್ರಾಂ ಕೋಳಿಯ ಯಕೃತ್ತಿನಲ್ಲಿ ತಾಮ್ರ ಸುಮಾರು ಅರ್ಧ ಮಿಲಿಗ್ರಾಂ; ಹಸುವಿನದರಲ್ಲಿ ಅದರ ಇಪ್ಪತ್ತು ಪಟ್ಟು. ಕೋಳಿ ಅತಿತಾಮ್ರದಿಂದ ನರಳಿ ಅದು ಕೆಲವು ಪಟ್ಟು ಏರಿದರೂ, ವಿಲ್ಸನ್ ವ್ಯಾಧಿಯುಳ್ಳವರನ್ನು ಬಿಟ್ಟರೆ ಆರೋಗ್ಯವಂತನು ಒಂದು ಊಟಕ್ಕೆ ಹೆದರಬೇಕಾದುದಿಲ್ಲ. ತಿನ್ನುವವನನ್ನು ಬೆದರಿಸಿದರೆ ಮಾತ್ರ ಪತ್ರಿಕೆಯಲ್ಲಿ ಜಾಗ ಸಿಕ್ಕುವುದೆಂಬ ಈ ಕಾಲದ ನಿಯಮವನ್ನು ಮೀರಿ ನಾನು ಹೇಳಬೇಕೆಂದಿರುವುದು ಇದು: ನಷ್ಟ ಕೋಳಿಗೆ, ಸಾಕುವವನಿಗೆ, ಮತ್ತು ಆ ಕೋಳಿಯ ಗೊಬ್ಬರ ಹೋಗಿ ಬೀಳುವ ಹೊಲಕ್ಕೆ.

ಗೊಬ್ಬರದ ಮಾತು ಸಣ್ಣದಲ್ಲ. ತಿಂದ ತಾಮ್ರದಲ್ಲಿ ಹೆಚ್ಚು ಭಾಗ ಹಿಕ್ಕೆಯಲ್ಲಿಯೇ ಹೊರಬೀಳುತ್ತದೆ, ಮತ್ತು ತಾಮ್ರ ಕೊಳೆಯುವ ವಸ್ತುವಲ್ಲ. ನಗರದ ಪೂರ್ವಕ್ಕೂ ಉತ್ತರಕ್ಕೂ ಇರುವ ದ್ರಾಕ್ಷಿಯ ತೋಟಗಳಿಗೆ, ತರಕಾರಿಯ ಮಡಿಗಳಿಗೆ ಕೋಳಿಗೊಬ್ಬರ ಲಾರಿಗಟ್ಟಲೆ ಹೋಗುತ್ತದೆ. ಅದೇ ದ್ರಾಕ್ಷಿಗೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನೂ ಹೊಡೆಯುತ್ತಾರೆ. ಈ ದ್ರಾವಣಕ್ಕೆ ನಮ್ಮಲ್ಲಿ ಒಂದು ಗೌರವಾರ್ಹ ಚರಿತ್ರೆಯುಂಟು: 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ, ಹೆಬ್ಬಾಳದ ಕೃಷಿಶಾಲೆಗೆ ಕಾರಣರಾದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಅದನ್ನೇ ಮದ್ದಾಗಿ ನಿಲ್ಲಿಸಿದರು, ಸಾವಿರಾರು ತೋಟಗಳು ಅದರಿಂದ ಉಳಿದವು. ಆದರೆ ಅವರು ಅಳೆದು ಹಾಕಿಸಿದರು, ಶೇಕಡಾ ಒಂದರ ದ್ರಾವಣವೆಂದರೆ ಶೇಕಡಾ ಒಂದರದೇ. ಕೋಳಿಗೊಬ್ಬರ ಬಿದ್ದ ಹೊಲದಲ್ಲಿ ಮೇಯುವ ಕುರಿಯ ಪಾಡು ಕೋಳಿಯದಕ್ಕಿಂತ ಕಷ್ಟ. ಪಿತ್ತದ ಮೂಲಕ ತಾಮ್ರ ಕಳೆಯುವ ಶಕ್ತಿ ಕುರಿಗೆ ಅತ್ಯಲ್ಪ. ಕೋಳಿಗೆ ಲಘುವಾದ ಪ್ರಮಾಣ ಅದಕ್ಕೆ ಮಾರಕ. ವಾರಗಳ ಕಾಲ ಯಕೃತ್ತು ಎಲ್ಲವನ್ನೂ ನುಂಗಿಕೊಂಡಿದ್ದು, ಒಂದು ದಿನ ದೂರ ನಡೆಸಿದ ಬಳಲಿಕೆಗೋ ಮಳೆಯ ಚಳಿಗೋ ಒಮ್ಮೆಲೇ ರಕ್ತಕ್ಕೆ ಬಿಟ್ಟುಬಿಡುತ್ತದೆ. ರಕ್ತದ ಕಣಗಳು ಒಡೆದು ಮೂತ್ರ ಕೆಂಪಾಗುತ್ತದೆ. ಕುರುಬನು ದೃಷ್ಟಿಯೆನ್ನುವನು. ಇತ್ತ ಆಡುಗೋಡಿಯ ಪಶು ಪೋಷಣ ಸಂಸ್ಥೆಯವರು ನಮ್ಮ ಪಶುಗಳ ಮೇವಿನಲ್ಲಿ ಹಲವೆಡೆ ತಾಮ್ರ ಸತುಗಳು ಸಾಲದೆಂದು ಕಂಡು ಆಯಾ ಪ್ರದೇಶಕ್ಕೆ ಹೊಂದುವ ಖನಿಜಮಿಶ್ರಣವನ್ನು ಸಿದ್ಧಪಡಿಸುತ್ತಾರೆ. ಒಂದೇ ತಾಲ್ಲೂಕಿನಲ್ಲಿ ಹಸುವಿಗೆ ತಾಮ್ರವಿಲ್ಲ, ಪಕ್ಕದ ಕೋಳಿಗೆ ಹೊರಲಾರದಷ್ಟು.

ಇನ್ನೊಂದು ಹಾನಿ ಕಣ್ಣಿಗೆ ಬೀಳದು. ಡೆನ್ಮಾರ್ಕಿನ ವಿಜ್ಞಾನಿಗಳು 2002ರಲ್ಲಿ ಎಂಟರೊಕಾಕಸ್ ಎಂಬ ಸೂಕ್ಷ್ಮಾಣುವಿನಲ್ಲಿ ತಾಮ್ರವನ್ನು ತಡೆದುಕೊಳ್ಳುವ ಜೀನನ್ನು ಗುರುತಿಸಿದರು. ಅದು ಕೆಲವು ಪ್ರತಿಜೀವಕಗಳನ್ನು ತಡೆಯುವ ಜೀನುಗಳ ನೆರೆಯಲ್ಲಿಯೇ ಕುಳಿತಿರುತ್ತದೆ. ತಾಮ್ರ ಹಾಕಿದಷ್ಟೂ ಎರಡೂ ಒಟ್ಟಿಗೆ ಕೊಬ್ಬುತ್ತವೆ. ಪ್ರತಿಜೀವಕವನ್ನು ಮುಂಬಾಗಿಲಿಂದ ಕಳುಹಿಸಿ ಅದರ ದಾಯಾದಿಗೆ ಹಿತ್ತಿಲ ಬಾಗಿಲು ತೆರೆದ ಹಾಗಾಯಿತು.

ಕೋಳಿ ಸಾಕುವವನನ್ನು ದೂಷಿಸುವುದು ಸುಲಭ, ಮತ್ತು ಅನ್ಯಾಯ. ಕಿಲೋಗೆ ಕೆಲವೇ ರೂಪಾಯಿಗಳ ಸಾಕಣೆಕೂಲಿಗೆ ದುಡಿಯುವವನು, ಒಂದು ಸೀಸೆಯ ಮೈಲುತುತ್ತದಿಂದ ನೂರು ಮರಿ ಉಳಿಯುವುದೆಂದು ಔಷಧದಂಗಡಿಯವನು ಹೇಳಿದರೆ ಕೇಳದೆ ಇರುವನೆ? ಅವನ ಕೈಗೆ ಬರುವ ಚೀಲದ ಮೇಲೆ ಪ್ರೋಟೀನು ಇಷ್ಟು, ನಾರು ಇಷ್ಟು, ತೇವ ಇಷ್ಟು ಎಂದು ಮುದ್ರಿತವಾಗಿದೆ. ಮಾವನವರ ಮನೆಯಲ್ಲಿ ನಾನು ಮಗುಚಿ ನೋಡಿದ ಚೀಲಗಳಲ್ಲಿ ತಾಮ್ರದ ಉಲ್ಲೇಖವೇ ಇರಲಿಲ್ಲ. ಕೋಳಿಯ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 1374 ಎಂಬ ಮಾನಕವೇನೋ ಉಂಟು. ಚೀಲದ ಮೇಲೆ ಆ ಒಂದು ಸಂಖ್ಯೆ, ಕಿಲೋಗೆ ತಾಮ್ರ ಇಷ್ಟು ಮಿಲಿಗ್ರಾಂ ಎಂದು, ಕನ್ನಡದಲ್ಲಿ ಅಚ್ಚಾಗಬೇಕು, ಬೆಳವಣಿಗೆಗಾಗಿ ಸೇರಿಸಿದ್ದರೆ ಅದೂ ಅಲ್ಲಿರಬೇಕು. ಮೈಲುತುತ್ತದ ಪೊಟ್ಟಣದ ಮೇಲೆ ನೂರು ಲೀಟರಿಗೆ ಎಷ್ಟು ಗ್ರಾಂ, ಎಷ್ಟು ದಿನ, ಯಾವ ಆಹಾರದ ಜೊತೆಗೆ ಕೂಡದು ಎಂಬುದು ಇರಬೇಕು. ಮತ್ತು ಪಶುಸಂಗೋಪನ ಇಲಾಖೆಯು ರಸೆಲ್ ಮಾರುಕಟ್ಟೆಯಿಂದ, ಹಲಸೂರಿನಿಂದ, ಕೆ.ಆರ್. ಪುರದ ಸಂತೆಯಿಂದ ವಾರಕ್ಕೆ ಹತ್ತು ಯಕೃತ್ತುಗಳನ್ನು ತೆಗೆದುಕೊಂಡು, ಆಮ್ಲದಲ್ಲಿ ಕರಗಿಸಿ, ತಾಮ್ರ ಎಷ್ಟೆಂದು ಅಳೆದು, ತಿಂಗಳಿಗೊಮ್ಮೆ ಪ್ರಕಟಿಸಬೇಕು. ಹತ್ತು ಸಾವಿರ ಕೋಳಿಮನೆಗಳಿಗೆ ಇನ್‌ಸ್ಪೆಕ್ಟರರನ್ನು ಕಳುಹಿಸುವುದಕ್ಕಿಂತ ಇದು ಅಗ್ಗ. ಆಹಾರದಲ್ಲಿಯೂ ನೀರಿನಲ್ಲಿಯೂ ಬೇರೆಬೇರೆಯಾಗಿ ಬಂದುದೆಲ್ಲವನ್ನೂ ಕೂಡಿ ಬರೆದ ಲೆಕ್ಕ ಹೇಗೂ ಅಲ್ಲಿಯೇ ಇದೆ. ಇದಕ್ಕೆ ಬೇಕಾದ ಯಂತ್ರಗಳೂ ಬಲ್ಲವರೂ ಈ ನಗರದಲ್ಲಿ ಇದ್ದಾರೆ.

ನನ್ನ ಮಾತನ್ನು ಪರೀಕ್ಷಿಸಿಕೊಳ್ಳುವ ಹಟದಿಂದ, ಹೋದ ವಾರ ಖಾಸಗಿ ಪ್ರಯೋಗಾಲಯವೊಂದಕ್ಕೆ ದೂರವಾಣಿ ಮಾಡಿ, ಒಂದು ಯಕೃತ್ತಿನ ತಾಮ್ರವನ್ನು ಅಳೆಯಲು ಎಷ್ಟಾಗುವುದೆಂದು ವಿಚಾರಿಸಿದೆ. ಅವರು ಹೇಳಿದ ಶುಲ್ಕ ನಾಲ್ಕು ಕೋಳಿಗಳ ಬೆಲೆ. ಭಾನುವಾರ ಅಂಗಡಿಯಾತನು ನನಗಾಗಿ ಹಳದಿಯ ಕಲೇಜಿ ಮೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸಿನ ಮೇಲೆ ಇಟ್ಟಿದ್ದನು. ಶುಲ್ಕದ ಸಂಗತಿಯನ್ನು ಕೇಳಿ, ಕತ್ತಿಯನ್ನು ಕೆಳಗಿಟ್ಟು ನಕ್ಕನು. “ನಾಲ್ಕು ಕೋಳಿ ದುಡ್ಡಿಗೆ ಒಂದು ಕಲೇಜಿ ಬರೀ ನೋಡ್ತಾರಾ? ಹಂಗಾದ್ರೆ ನಾನು ಆ ವ್ಯಾಪಾರಾನೇ ಹಿಡೀತೀನಿ ಸಾರ್” ಎಂದು ಆ ಚೀಲವನ್ನು ಕಟ್ಟೆಯ ಕೆಳಗೆ ಕಾದಿದ್ದ ನಾಯಿಯ ಮುಂದೆ ಬಿಚ್ಚಿ ಸುರಿದು, ನನ್ನ ಅರ್ಧ ಕಿಲೋವನ್ನು ತೂಗಲು ತಿರುಗಿದನು.